ಸವಳು ಹೊಲದಲ್ಲಿ ಬಾರ್ಲಿ: ಬೀಜದಿಂದ ಬಳಕೆಯವರೆಗೆ

ಕೃಷ್ಣೆ ಮತ್ತು ಘಟಪ್ರಭೆಯ ದಂಡೆಯ ಎರೆಭೂಮಿ ಹೆಸರಾದ ಭೂಮಿ. ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಇಂದು ಕಣ್ಣು ಹಾಯಿಸಿದತ್ತ ಕಬ್ಬು ಕಾಣುತ್ತದೆ. ಆದರೆ ಕಬ್ಬಿನ ಗದ್ದೆಯ ಒಳಹೊಕ್ಕು ನೋಡಿದವರಿಗೆ ಇನ್ನೊಂದು ನೋಟವೂ ಕಾಣಸಿಗುತ್ತದೆ. ಹೊಲದ ತಗ್ಗಿನ ಮೂಲೆಯಲ್ಲಿ ಐದು ಗುಂಟೆ, ಹತ್ತು ಗುಂಟೆ ಜಾಗದಲ್ಲಿ ಕಬ್ಬು ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿರುತ್ತದೆ, ಇಲ್ಲವೆ ನಾಟಿಯೇ ಬಂದಿರುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ಬೂದಿ ಚೆಲ್ಲಿದಂತೆ ಬಿಳಿ ಪದರು ಏಳುತ್ತದೆ. ಅದೇ ಸವಳು. ವರ್ಷವರ್ಷವೂ ಅದರ ಅಂಚು ಒಂದೆರಡು ಸಾಲು ಮುಂದೆ ಸರಿಯುತ್ತಿರುತ್ತದೆ. ಒಡೆಯನು ಮಾತ್ರ ಪ್ರತಿ ಸಲವೂ ಅಲ್ಲಿಗೆ ಮತ್ತೆ ಕಬ್ಬಿನ ತುಂಡು, ಮತ್ತೆ ಗೊಬ್ಬರ, ಮತ್ತೆ ನೀರು ಕೊಡುತ್ತಲೇ ಇರುತ್ತಾನೆ.

ಇಂಥ ತುಂಡು ಜಾಗದಲ್ಲಿ ಹಿಂಗಾರಿಗೆ ಬಾರ್ಲಿ ಬೆಳೆಯಬಹುದೇ ಎಂಬುದು ಈ ಲೇಖನದ ವಿಷಯ. ಬೆಳೆಯಬಹುದು, ಆದರೆ ಕೆಲವು ಕರಾರುಗಳಿವೆ. ಆ ಕರಾರುಗಳನ್ನು ತಿಳಿಯದೆ ಬೀಜ ತಂದು ಎರಚಿದರೆ ಬೀಜವೂ ಹೋಯಿತು, ಬೆಳೆಯ ಮೇಲಿನ ನಂಬಿಕೆಯೂ ಹೋಯಿತು.

ಮೊದಲು ಹೆಸರಿನ ಗೊಂದಲ

ಬಾರ್ಲಿಯ ಮಾತೆತ್ತಿದೊಡನೆ ನಮ್ಮ ಭಾಗದ ರೈತರು, “ಜವಿಗೋದಿ ನಮಗೇನ್ ಹೊಸಾದಲ್ರಿ, ಮನ್ಯಾಗ ಹುಗ್ಗಿ ಅದರದ್ದ ಮಾಡ್ತೀವ್ರಿ” ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಆದರೆ ಅದು ಬೇರೆ ಕಾಳು. ಸಂಸ್ಕೃತದ ‘ಯವ’ ಎಂಬುದೇ ಕನ್ನಡದಲ್ಲಿ ‘ಜವೆ’ಯಾಗಿದೆ. ಯವವೆಂದರೆ ಬಾರ್ಲಿ. ಪುಸ್ತಕಗಳಲ್ಲಿಯೂ ಪಟ್ಟಣದ ಕೆಲವು ಅಂಗಡಿಗಳಲ್ಲಿಯೂ ಬಾರ್ಲಿಗೆ ‘ಜವೆಗೋಧಿ’ ಎಂದೇ ಬರೆಯುತ್ತಾರೆ. ಆದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಜವೆಗೋಧಿ ಎಂದರೆ ಹೊಟ್ಟು ಬಿಡದ ಹಳೆಯ ಜಾತಿಯ ಕೆಂಪು ಗೋಧಿ. ಇದಕ್ಕೆ ಸದಕ ಎಂಬ ಹೆಸರೂ ಉಂಟು. ಮಹಾರಾಷ್ಟ್ರದವರು ಖಪ್ಲಿ ಎನ್ನುತ್ತಾರೆ. ಶಾವಿಗೆ, ಸಜ್ಜಕ, ಹುಗ್ಗಿಗೆ ಇದಕ್ಕೆ ಸರಿಗಟ್ಟುವ ಗೋಧಿ ಇಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯವು ಇದೇ ಜಾತಿಯಲ್ಲಿ ಗಿಡ್ಡ ತಳಿಗಳನ್ನು, ಅಂದರೆ ಡಿ.ಡಿ.ಕೆ. 1001, 1009, 1025 ಮತ್ತು 1029ನ್ನು ಹೊರತಂದಿದೆ. ಇದು ಒಳ್ಳೆಯ ನೆಲ, ಒಳ್ಳೆಯ ನೀರು ಬೇಡುವ ಬೆಳೆ. ಸವಳಿಗೆ ಹೇಳುವಂಥದಲ್ಲ.

ಬೀಜ ಕೊಳ್ಳುವಾಗ ಇವೆರಡನ್ನೂ ಗುರುತಿಸುವುದು ಕಷ್ಟವಲ್ಲ. ಜವೆಗೋಧಿಯನ್ನು ಬಡಿದಾಗ ತೆನೆಯು ತುಂಡುತುಂಡಾಗಿ ಮುರಿದು ಬೀಳುತ್ತದೆ; ಒಂದೊಂದು ತುಂಡಿನ ಹೊಟ್ಟಿನೊಳಗೆ ಸಾಮಾನ್ಯವಾಗಿ ಎರಡು ಕಾಳು ಇರುತ್ತವೆ. ಆ ಹೊಟ್ಟನ್ನು ಉಗುರಿನಿಂದ ಬಿಡಿಸಿದರೆ ಒಳಗೆ ಉದ್ದನೆಯ, ಕೆಂಪಗಿನ, ಬೆತ್ತಲೆ ಗೋಧಿ ಕಾಳು ಸಿಗುತ್ತದೆ. ಬಾರ್ಲಿಯಲ್ಲಿ ಹೊಟ್ಟು ಕಾಳಿಗೇ ಅಂಟಿಕೊಂಡಿರುತ್ತದೆ, ಉಗುರಿಗೆ ಬಿಡುವುದಿಲ್ಲ. ಕಾಳು ಹುಲ್ಲಿನ ಬಣ್ಣದ್ದು, ಎರಡೂ ತುದಿ ಚೂಪು, ನಡುವೆ ಗೀರು. ಬಿತ್ತಿ ಮೊಳೆತ ಮೇಲೂ ಗುರುತು ಹಿಡಿಯಬಹುದು. ಎಲೆಯು ಕಾಂಡವನ್ನು ಬಿಡುವ ಕಡೆ ಬಾರ್ಲಿಗೆ ಎರಡು ದೊಡ್ಡ ನುಣುಪಾದ ‘ಕಿವಿ’ಗಳಿದ್ದು ಕಾಂಡವನ್ನು ತಬ್ಬಿ ಒಂದರ ಮೇಲೊಂದು ಬಂದಿರುತ್ತವೆ. ಗೋಧಿಯ ಕಿವಿ ಚಿಕ್ಕದು, ಅದರ ಮೇಲೆ ಕೂದಲಿರುತ್ತದೆ.

ಇನ್ನೊಂದು ಎಚ್ಚರಿಕೆ. ಕಿರಾಣಿ ಅಂಗಡಿಯಲ್ಲಿ ಗಂಜಿಗೆಂದು ಮಾರುವ ಬಿಳಿಯ, ದುಂಡನೆಯ ಬಾರ್ಲಿಯನ್ನು ಬಿತ್ತಬಾರದು. ಅದರ ಹೊಟ್ಟು ಮತ್ತು ಮೊಳಕೆಯ ಭಾಗವನ್ನು ಯಂತ್ರದಲ್ಲಿ ಉಜ್ಜಿ ತೆಗೆದಿರುತ್ತಾರೆ. ಅದು ಮೊಳೆಯುವುದಿಲ್ಲ.

ಉಪ್ಪನ್ನು ಎಷ್ಟು ತಡೆದೀತು

ಮಣ್ಣಿನ ಉಪ್ಪಿನ ಅಂಶವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಅದರ ಮಾನ ಡೆಸಿಸೈಮನ್ಸ್. ಹಿಂದೆ ಮಿಲಿಮೋ ಎನ್ನುತ್ತಿದ್ದರು, ಅಂಕಿ ಅದೇ. ನೀರಿನಲ್ಲಿ ಕಲಸಿದ ಮಣ್ಣಿನ ಮುದ್ದೆಯಿಂದ ಹಿಂಡಿ ತೆಗೆದ ರಸದಲ್ಲಿ ಈ ಅಂಕಿ 4ಕ್ಕಿಂತ ಹೆಚ್ಚಾದರೆ ಆ ಮಣ್ಣನ್ನು ಸವಳು ಎನ್ನುವುದು ವಾಡಿಕೆ.

ಪ್ರತಿಯೊಂದು ಬೆಳೆಗೂ ಒಂದು ಹೊಸ್ತಿಲು ಇದೆ. ಅದುವರೆಗೆ ಇಳುವರಿ ಕುಂದುವುದಿಲ್ಲ, ದಾಟಿದೊಡನೆ ಇಳಿಯತೊಡಗುತ್ತದೆ. ಜಗತ್ತಿನಾದ್ಯಂತ ಬಳಸುವ ಕೋಷ್ಟಕಗಳ ಪ್ರಕಾರ ಕಬ್ಬಿನ ಹೊಸ್ತಿಲು 1.7. ಗೋವಿನಜೋಳದ್ದೂ ಅಷ್ಟೇ. ಗೋಧಿಯದು 6. ಬಾರ್ಲಿಯದು 8. ಧಾನ್ಯದ ಬೆಳೆಗಳಲ್ಲಿ ಇದಕ್ಕಿಂತ ಹೆಚ್ಚು ಉಪ್ಪು ತಡೆಯುವಂಥದು ವಿರಳ. ಇದೇ ಲೆಕ್ಕವನ್ನು ಮುಂದುವರಿಸಿದರೆ, ಅಂಕಿ 10 ಇರುವ ನೆಲದಲ್ಲಿ ಕಬ್ಬು ತನ್ನ ಪೂರ್ಣ ಇಳುವರಿಯ ಅರ್ಧದಷ್ಟು ಮಾತ್ರ ಕೊಡಬಲ್ಲದು. ಗೋಧಿ ಶೇಕಡಾ 70ರಷ್ಟು. ಬಾರ್ಲಿ ಶೇಕಡಾ 90ರಷ್ಟು. ಗೋವಿನಜೋಳ ಅಲ್ಲಿ ಬಹುತೇಕ ಇಲ್ಲವೆಂದೇ ತಿಳಿಯಬೇಕು. ಇವು ಬೇರೆ ದೇಶಗಳ ಪ್ರಯೋಗಗಳಿಂದ ಬಂದ ಅಂಕಿಗಳು. ನಮ್ಮ ಎರೆಮಣ್ಣಿನಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದೀತು, ಆದರೆ ಬೆಳೆಗಳ ಸಾಲುಕ್ರಮ ಬದಲಾಗಲಾರದು.

ಇಲ್ಲಿ ಒಂದು ತಾಂತ್ರಿಕ ವಿಷಯವನ್ನು ಗಮನಿಸತಕ್ಕದ್ದು. ನಿಮ್ಮ ಕೈಯಲ್ಲಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ವಾಹಕತೆಯ ಅಂಕಿ 1 ಅಥವಾ 2 ಎಂದಿದ್ದರೆ ಹಿಗ್ಗಬೇಡಿರಿ. ಅಲ್ಲಿ ಮಣ್ಣಿಗೆ ಎರಡರಿಂದ ಎರಡೂವರೆ ಪಟ್ಟು ನೀರು ಬೆರೆಸಿ ಅಳೆದಿರುತ್ತಾರೆ. ನೀರು ಹೆಚ್ಚಿದಷ್ಟೂ ಉಪ್ಪು ತೆಳುವಾಗಿ ಅಂಕಿ ಬಹಳ ಕಡಿಮೆ ಬರುತ್ತದೆ. ಮೇಲೆ ಹೇಳಿದ ಹೊಸ್ತಿಲುಗಳಿಗೆ ಅದನ್ನು ಹೋಲಿಸಲಾಗದು. ಮುದ್ದೆಯ ರಸದ ಅಂಕಿಯನ್ನೇ ಕೊಡಿರೆಂದು ಪ್ರಯೋಗಾಲಯದವರನ್ನು ಕೇಳಬೇಕು.

ಕಾಲುವೆಯ ನೀರು, ಸವಳು ಮತ್ತು ಬಾರ್ಲಿ, ಈ ಮೂರರ ನಂಟು ಇಂದಿನದಲ್ಲ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ಇಂದಿನ ಇರಾಕ್ ದೇಶದ ತೆಂಕಣ ಭಾಗದಲ್ಲಿ ಐದು ಸಾವಿರ ವರ್ಷಗಳ ಹಿಂದೆಯೇ ಕಾಲುವೆ ನೀರಾವರಿ ಇತ್ತು. ಅಲ್ಲಿ ಮೊದಲು ಗೋಧಿ ಮತ್ತು ಬಾರ್ಲಿ ಹೆಚ್ಚುಕಡಿಮೆ ಸಮನಾಗಿದ್ದುವೆಂದೂ, ಸವಳು ಏರಿದಂತೆ ಗೋಧಿ ಹಿಂದೆ ಸರಿದು ಕ್ರಿ.ಪೂ. 1700ರ ಹೊತ್ತಿಗೆ ಬಾರ್ಲಿಯೊಂದೇ ಉಳಿಯಿತೆಂದೂ ಜೇಕಬ್ಸನ್ ಮತ್ತು ಆ್ಯಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ಬರೆದರು. ಆ ಲೆಕ್ಕವನ್ನು ನಂತರದವರೆಲ್ಲ ಒಪ್ಪಿಲ್ಲ. ಆದರೂ ಎರಡು ನದಿಗಳ ನಡುವೆ ಕುಳಿತು ನೀರು ಹಾಯಿಸುವ ನಮಗೆ ಅದು ಓದತಕ್ಕ ಕಥೆಯೇ ಸರಿ. ಬಾರ್ಲಿ ಅಲ್ಲಿ ಅನ್ನ ಕೊಟ್ಟಿತು, ಆದರೆ ನೆಲವನ್ನು ಸರಿಪಡಿಸಲಿಲ್ಲ.

ಬಾರ್ಲಿ ಮಾಡಲಾರದ ಕೆಲಸಗಳು

ಬಾರ್ಲಿಯು ಉಪ್ಪನ್ನು ಹೀರಿ ನೆಲವನ್ನು ಶುದ್ಧ ಮಾಡುತ್ತದೆ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಇದನ್ನು ನಂಬಬಾರದು. ಒಂದು ಸಣ್ಣ ಲೆಕ್ಕ ಹಾಕೋಣ. ವಾಹಕತೆ 1 ಇರುವ ಕೊಳವೆ ಬಾವಿ ನೀರಿನ ಒಂದು ಲೀಟರಿನಲ್ಲಿ ಸುಮಾರು 640 ಮಿಲಿಗ್ರಾಂ ಉಪ್ಪು ಇರುತ್ತದೆ. ಕುಡಿದರೆ ನಾಲಿಗೆಗೆ ಹೆಚ್ಚೇನೂ ತಿಳಿಯದು. ಎಕರೆಗೆ 5 ಸೆಂಟಿಮೀಟರ್ ನೀರು ಹಾಯಿಸಿದರೆ ಅದು ಎರಡು ಲಕ್ಷ ಲೀಟರಿನಷ್ಟಾಯಿತು. ಅಂದರೆ ಒಂದೇ ಒಂದು ಸಲದ ನೀರಿನಲ್ಲಿ ನೀವು ಹೊಲಕ್ಕೆ ಸುಮಾರು 130 ಕಿಲೊ ಉಪ್ಪು ಹಾಕಿದಂತಾಯಿತು! ಬಾರ್ಲಿಯ ಕಾಳು ಮತ್ತು ಹೊಟ್ಟು ಸೇರಿ ಹೊತ್ತೊಯ್ಯುವ ಉಪ್ಪು ಇದರ ಮುಂದೆ ಲೆಕ್ಕಕ್ಕಿಲ್ಲ. ಉಪ್ಪು ಹೊರಗೆ ಹೋಗಬೇಕಾದರೆ ನೀರಿನೊಡನೆ ಬಸಿದೇ ಹೋಗಬೇಕು. ಅದಕ್ಕೆ ಬಸಿಗಾಲುವೆ ಬೇಕು. ಕಬ್ಬಿಗೆ ಹಾಯಿಸುವ ನೀರನ್ನು ಇಡೀ ವರ್ಷ ತಡೆಹಿಡಿದು ಬಾರ್ಲಿಗೆ ಮೂರು ನಾಲ್ಕು ಸಲ ಮಾತ್ರ ಕೊಡುವುದರಿಂದ ಸವಳು ಏರುವುದು ನಿಧಾನವಾದೀತು. ಆ ಉಪಕಾರವಂತೂ ಉಂಟು.

ಎರಡನೆಯದು ಜವಳು. ನಮ್ಮ ಜನ ‘ಸವಳು-ಜವಳು’ ಎಂದು ಒಂದೇ ಉಸಿರಿಗೆ ಹೇಳಿದರೂ ಇವು ಎರಡು ಬೇರೆ ರೋಗಗಳು. ಸವಳು ಉಪ್ಪಿನದು, ಜವಳು ನಿಂತ ನೀರಿನದು. ಬಾರ್ಲಿ ಸವಳನ್ನು ತಡೆಯುತ್ತದೆ, ಜವಳನ್ನು ತಡೆಯುವುದಿಲ್ಲ. ಬೇರಿನ ಬಳಿ ಕೆಲವು ದಿನ ನೀರು ನಿಂತರೆ ಎಲೆ ಹಳದಿಯಾಗಿ ಗಿಡ ಕುಗ್ಗಿಹೋಗುತ್ತದೆ. ಈ ವಿಷಯದಲ್ಲಿ ಗೋಧಿಗಿಂತಲೂ ಬಾರ್ಲಿ ಸೂಕ್ಷ್ಮ. ನವೆಂಬರಿನಲ್ಲಿ ಒಂದೂವರೆ ಅಡಿ ಗುಂಡಿ ತೋಡಿ ಮರುದಿನ ನೋಡಿರಿ. ಅದರಲ್ಲಿ ನೀರು ಬಂದು ನಿಂತಿದ್ದರೆ ಆ ಜಾಗದಲ್ಲಿ ಬಾರ್ಲಿಯ ವಿಚಾರ ಬಿಟ್ಟು ಬಸಿಗಾಲುವೆ ತೋಡುವ ವಿಚಾರ ಮಾಡತಕ್ಕದ್ದು. ಕರ್ಲು ನೆಲ, ಅಂದರೆ ರಸಸಾರ 8.5ನ್ನು ದಾಟಿ ಮಳೆಗಾಲದಲ್ಲಿ ಅಂಟಾಗಿ ಬೇಸಿಗೆಯಲ್ಲಿ ಕಲ್ಲಾಗುವ ನೆಲವಾದರೆ, ಮಣ್ಣು ಪರೀಕ್ಷೆಯ ಪ್ರಕಾರ ಜಿಪ್ಸಮ್ ಹಾಕಿದ ಮೇಲೆಯೇ ಮುಂದಿನ ಮಾತು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಬಾರ್ಲಿಯ ಹೊಸ್ತಿಲು 8 ಎಂದೆನಷ್ಟೆ? ಅದು ಬೆಳೆದ ಗಿಡದ ಮಾತು. ಮೊಳಕೆಯ ಮತ್ತು ಎಳೆ ಸಸಿಯ ಹೊತ್ತಿನಲ್ಲಿ ಅದಕ್ಕೆ ಆ ಶಕ್ತಿ ಇರುವುದಿಲ್ಲ. ಆಗ ಮೇಲ್ಮಣ್ಣಿನಲ್ಲಿ ಅಂಕಿ 4ರಿಂದ 5ನ್ನು ದಾಟಬಾರದು. ಸವಳಿನಲ್ಲಿ ಬಾರ್ಲಿ ಕೆಡುವುದು ಬಹುಮಟ್ಟಿಗೆ ಈ ಮೊದಲ ಮೂರು ವಾರಗಳಲ್ಲಿಯೇ. ಆದುದರಿಂದ ಬೇಸಾಯದ ಜಾಣತನವೆಲ್ಲ ಬೀಜದ ಸುತ್ತಲಿನ ಎರಡು ಮೂರು ಅಂಗುಲ ಮಣ್ಣನ್ನು ಇಪ್ಪತ್ತು ದಿನ ಸಿಹಿಯಾಗಿ ಇಡುವುದರಲ್ಲಿದೆ.

ಬಿತ್ತನೆಗೆ ಮೊದಲು

ಈ ಕೆಲಸದಲ್ಲಿ ಕಾಲ ನಮ್ಮ ಕಡೆಗಿದೆ. ಈ ತಾಲೂಕುಗಳಲ್ಲಿ ಹೆಚ್ಚು ಮಳೆ ಬರುವುದು ಸೆಪ್ಟೆಂಬರಿನ ಸುಮಾರಿಗೆ. ಆ ಮಳೆ ಮೇಲಿನ ಉಪ್ಪನ್ನು ಕೆಳಕ್ಕೆ ತೊಳೆಯುತ್ತದೆ. ಮುಂಗಾರಿಯಲ್ಲಿ ಆ ತುಂಡನ್ನು ಬೀಳು ಬಿಟ್ಟು, ಸುತ್ತ ಒಡ್ಡು ಏರಿಸಿ, ಬಿದ್ದ ಮಳೆಯನ್ನು ಅಲ್ಲಿಯೇ ಇಂಗಿಸಿದರೆ ಖರ್ಚಿಲ್ಲದೆ ನೆಲ ತೊಳೆದಂತಾಯಿತು. ಡಯಾಂಚ ಬಿತ್ತಿ ಹೂವಾಡುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಇನ್ನೂ ಒಳಿತು. ಮಣ್ಣಿನ ಮಾದರಿಯನ್ನು ಬೇಸಿಗೆಯಲ್ಲಿ ತೆಗೆಯದೆ ಅಕ್ಟೋಬರ್ ಕೊನೆಗೆ ಮೇಲಿನ ಆರು ಅಂಗುಲದಿಂದ ತೆಗೆಯಬೇಕು. ಬೀಜ ಎದುರಿಸಬೇಕಾದ ಉಪ್ಪು ಅದೇ.

ನೆಲವನ್ನು ಸಮ ಮಾಡುವುದು ಬಹಳ ಅಗತ್ಯ. ಅಂಗೈಯಷ್ಟು ದಿನ್ನೆ ಇದ್ದರೂ ಉಪ್ಪು ಅದರ ನೆತ್ತಿಗೆ ಬಂದು ಕೂಡುತ್ತದೆ. ರೆಂಟೆ ಹೊಡೆದು, ಎರಡು ಸಲ ಹರಗಿ, ಸಣ್ಣ ಮಡಿಗಳನ್ನು ಮಾಡಿ, ಕಾಲುವೆಯ ಒಳ್ಳೆಯ ನೀರನ್ನು ಒಮ್ಮೆ ಧಾರಾಳವಾಗಿ ನಿಲ್ಲಿಸಬೇಕು. ನೀರು ಇಂಗಿ, ಎಂಟು ಹತ್ತು ದಿನಗಳಲ್ಲಿ ಹದ ಬಂದೊಡನೆ ಒಂದು ಸಲ ಹರಗಿ ಬಿತ್ತತಕ್ಕದ್ದು. ತಡಮಾಡಿದರೆ ಬಿಸಿಲಿಗೆ ಉಪ್ಪು ಮತ್ತೆ ಮೇಲೇರುತ್ತದೆ. ಈ ಮೊದಲ ನೀರನ್ನು ಉಪ್ಪು ಬಾವಿಯಿಂದ ಕೊಡುವುದಾದರೆ ಬೇಡವೇ ಬೇಡ. ಬಾವಿ ನೀರೇನಿದ್ದರೂ ಬೆಳೆ ತೆನೆಯ ಹಂತಕ್ಕೆ ಬಂದ ಮೇಲೆ.

ಬೀಜ ಮತ್ತು ಬಿತ್ತನೆ

ಬಾರ್ಲಿಯಲ್ಲಿ ಆರು ಸಾಲಿನ ತೆನೆಯದು, ಎರಡು ಸಾಲಿನ ತೆನೆಯದು ಎಂದು ಎರಡು ಬಗೆ. ಎರಡು ಸಾಲಿನದು ಹೆಚ್ಚಾಗಿ ಮಾಲ್ಟ್ ಮಾಡುವವರಿಗೆ. ಸವಳಿಗೂ ಮೇವಿಗೂ ಆರು ಸಾಲಿನದು ತಕ್ಕುದು. ರಾಜಸ್ಥಾನದ ದುರ್ಗಾಪುರ ಕೇಂದ್ರದಿಂದ ಬಂದ ಆರ್.ಡಿ. 2552, ಆರ್.ಡಿ. 2794, ಆರ್.ಡಿ. 2907 ತಳಿಗಳು ಉಪ್ಪು ನೆಲಕ್ಕೆ ಹೆಸರಾದವು. ಇವುಗಳಲ್ಲಿ 2552 ಒಮ್ಮೆ ಹಸಿರು ಮೇವಿಗೆ ಕೊಯ್ದು ಮತ್ತೆ ಕಾಳು ಪಡೆಯುವುದಕ್ಕೂ ಬರುತ್ತದೆ. ಇವೆಲ್ಲ ಬಿಡುಗಡೆಯಾದದ್ದು ಉತ್ತರದ ರಾಜ್ಯಗಳಿಗೆ, ಅಲ್ಲಿಯ ಉದ್ದನೆಯ ಚಳಿಗೆ ಎಂಬುದನ್ನು ಮರೆಯಬಾರದು. ಕರ್ನಾಲಿನ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆಯ ಅಥವಾ ದುರ್ಗಾಪುರ ಕೇಂದ್ರದ ಬೀಜವನ್ನು ತರಿಸಲು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಬೇಸಿಗೆಯಲ್ಲಿಯೇ ಬರೆಯುವುದು ಒಳ್ಳೆಯದು. ದೀಪಾವಳಿ ಬಂದ ಮೇಲೆ ಓಡಾಡಿದರೆ ಬೀಜ ಸಿಗದು.

ಬಂದ ಬೀಜದ ಮೊಳಕೆ ಪರೀಕ್ಷೆ ಮಾಡಿರಿ. ನವರಾತ್ರಿಯಲ್ಲಿ ಘಟದ ಸುತ್ತ ಮಣ್ಣು ಹಾಕಿ ಕಾಳು ಬಿತ್ತುವ ಪದ್ಧತಿ ನಮ್ಮ ಮನೆಗಳಲ್ಲಿ ಇದ್ದೇ ಇದೆ. ಒಂದು ಪರಾತದಲ್ಲಿ ನಿಮ್ಮ ಸವಳು ಹೊಲದ ಮಣ್ಣು, ಇನ್ನೊಂದರಲ್ಲಿ ಒಳ್ಳೆಯ ಹೊಲದ ಮಣ್ಣು ಹಾಕಿ, ಎರಡರಲ್ಲೂ ನೂರು ನೂರು ಕಾಳು ಬಿತ್ತಿ ಹತ್ತನೆಯ ದಿನ ಎಣಿಸಿರಿ. ಒಳ್ಳೆಯ ಮಣ್ಣಿನಲ್ಲಿ 85ಕ್ಕಿಂತ ಕಡಿಮೆ ಬಂದರೆ ದೋಷ ಬೀಜದ್ದು. ಅಲ್ಲಿ 90 ಬಂದು ಸವಳು ಮಣ್ಣಿನಲ್ಲಿ 40 ಬಂದರೆ ದೋಷ ನೆಲದ್ದು; ಆ ನೆಲವನ್ನು ಇನ್ನೊಮ್ಮೆ ತೊಳೆಯಬೇಕು. ಎರಡು ಪರಾತದ ಈ ಪರೀಕ್ಷೆ ಯಾವ ಪ್ರಯೋಗಾಲಯದ ಚೀಟಿಗೂ ಕಡಿಮೆಯಲ್ಲ ಎಂಬುದು ನನ್ನ ಅಭಿಪ್ರಾಯ.

ಒಳ್ಳೆಯ ನೆಲಕ್ಕೆ ಎಕರೆಗೆ 40 ಕಿಲೊ ಬೀಜ ಸಾಕು. ಸವಳಿಗೆ 50 ಕಿಲೊ ಬೇಕು, ಅಂದರೆ ಗುಂಟೆಗೆ ಒಂದೂಕಾಲು ಕಿಲೊ. ಸವಳಿನಲ್ಲಿ ಬಾರ್ಲಿ ಕವಲೊಡೆಯುವುದು ಕಡಿಮೆಯಾದ ಕಾರಣ ಸಾಲಿನ ಅಂತರವನ್ನೂ 22 ಸೆಂಟಿಮೀಟರಿನಿಂದ 18ಕ್ಕೆ ಇಳಿಸಬೇಕು. ಕಾಡಿಗೆ ರೋಗ ಬೀಜದೊಂದಿಗೇ ಬರುವಂಥದು, ಅದರಲ್ಲೊಂದು ಬಗೆ ಕಾಳಿನ ಒಳಗೇ ಅಡಗಿದ್ದು ಕಣ್ಣಿಗೆ ಕಾಣದು. ಆದಕಾರಣ ಕಾರ್ಬಾಕ್ಸಿನ್ ಮತ್ತು ಥೈರಾಮ್ ಕೂಡಿದ ಪುಡಿಯನ್ನು ಕಿಲೊ ಬೀಜಕ್ಕೆ 3 ಗ್ರಾಮಿನಂತೆ ಲೇಪಿಸಿ ಬಿತ್ತಬೇಕು. ಔಷಧ ಹಚ್ಚಿದ ಬೀಜ ಉಳಿದರೆ ದನಕ್ಕಾಗಲಿ ಕೋಳಿಗಾಗಲಿ ಹಾಕಕೂಡದು.

ನವೆಂಬರ್ ಮೊದಲ ಪಕ್ಷವೇ ಬಿತ್ತನೆಯ ಕಾಲ. ನಮ್ಮ ಚಳಿ ಚಿಕ್ಕದು, ಫೆಬ್ರವರಿ ನಡುವಿನಿಂದಲೇ ಬಿಸಿಲು ಏರುತ್ತದೆ. ಡಿಸೆಂಬರಿಗೆ ಜಾರಿದರೆ ಕಾಳು ತುಂಬುವ ಹೊತ್ತಿಗೆ ಬಿಸಿಗಾಳಿ ಬಡಿದು ಕಾಳು ಸೊರಗುತ್ತದೆ. ಕೂರಿಗೆಯಿಂದ 5 ಸೆಂಟಿಮೀಟರ್ ಆಳಕ್ಕೆ ಬಿತ್ತತಕ್ಕದ್ದು. ಕಬ್ಬಿನ ಬೋದುಗಳು ಹಾಗೆಯೇ ಇದ್ದು ಅವುಗಳ ಮೇಲೆ ಬಿತ್ತುವುದಾದರೆ ನೆತ್ತಿಯಲ್ಲಿ ಬೇಡ, ಇಳಿಜಾರಿನ ನಡುವೆ ಬಿತ್ತಿರಿ. ಸಾಲಿನಲ್ಲಿ ಹರಿದ ನೀರು ಉಪ್ಪನ್ನು ನೆತ್ತಿಗೇ ತಳ್ಳುತ್ತದೆ.

ಗೊಬ್ಬರ, ನೀರು, ಆರೈಕೆ

ಎಕರೆಗೆ 24 ಕಿಲೊ ಸಾರಜನಕ, 12 ಕಿಲೊ ರಂಜಕ ಸಾಕಾಗುತ್ತದೆ. ಬಿತ್ತುವಾಗ 26 ಕಿಲೊ ಡಿ.ಎ.ಪಿ. ಮತ್ತು 16 ಕಿಲೊ ಯೂರಿಯಾ, ಮೊದಲ ನೀರಿನ ಹೊತ್ತಿಗೆ 26 ಕಿಲೊ ಯೂರಿಯಾ ಕೊಟ್ಟರೆ ಈ ಲೆಕ್ಕ ಕೂಡುತ್ತದೆ. ಕಬ್ಬಿಗೆ ಚೀಲಗಟ್ಟಲೆ ಸುರಿದ ಕೈಗೆ ಇದು ಕಡಿಮೆ ಎನಿಸೀತು. ಆದರೆ ಹೆಚ್ಚು ಯೂರಿಯಾ ಉಂಡ ಬಾರ್ಲಿ ತೆನೆಯ ಭಾರಕ್ಕೆ ನೆಲಕ್ಕೊರಗುತ್ತದೆ. ಗೊಬ್ಬರವೂ ಒಂದು ಉಪ್ಪೇ, ಆದ್ದರಿಂದ ಬೀಜಕ್ಕೆ ತಾಗದಂತೆ ಪಕ್ಕದಲ್ಲಿ ಸ್ವಲ್ಪ ಆಳಕ್ಕೆ ಬೀಳಬೇಕು. ನಮ್ಮ ಎರೆಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಸಾಕಷ್ಟಿರುತ್ತದೆ. ಮಣ್ಣು ಪರೀಕ್ಷೆಯಲ್ಲಿ ಕಡಿಮೆ ಎಂದು ಬಂದರೆ ಮಾತ್ರ ಕೊಡಬೇಕು; ಆಗಲೂ ಮ್ಯೂರಿಯೇಟ್ ಬಿಟ್ಟು ಸಲ್ಫೇಟ್ ರೂಪದ್ದು ಒಳ್ಳೆಯದು.

ಬಿತ್ತಿದೊಡನೆ ನೀರು ಹಾಯಿಸಬಾರದು. ಮಣ್ಣು ಹೆಪ್ಪುಗಟ್ಟಿ ಮೊಳಕೆ ಸಿಕ್ಕಿಕೊಳ್ಳುತ್ತದೆ. ಮೂರನೆಯ ವಾರದ ಕೊನೆಗೆ ಮೊದಲ ನೀರು, ತೆಳ್ಳಗೆ. ಗಿಡ ಕಣ್ಣು ಕಟ್ಟುವಾಗ ಒಂದು, ತೆನೆ ಹೊರಡುವಾಗ ಒಂದು, ಕಾಳು ಹಾಲು ತುಂಬುವಾಗ ಒಂದು. ನೆಲ ಹಸಿ ಹಿಡಿದಿದ್ದರೆ ಕೊನೆಯದನ್ನು ಬಿಡಬಹುದು. ಕಬ್ಬಿನ ಅಭ್ಯಾಸದಿಂದ ಸಂಜೆ ನೀರು ಬಿಟ್ಟು ಬೆಳಗಿನ ತನಕ ಮಲಗುವವರಿಗೆ ಈ ಬೆಳೆ ಆಗಿಬರುವುದಿಲ್ಲ.

ಬಾರ್ಲಿ ಬೇಗ ಮೈದುಂಬುವುದರಿಂದ ಕಳೆಯ ಕಾಟ ಗೋಧಿಗಿಂತ ಕಡಿಮೆ. 25 ದಿನಗಳ ಹೊತ್ತಿಗೆ ಒಮ್ಮೆ ಕಳೆ ತೆಗೆದರೆ ಸಾಕು. ಚಳಿ ಮುಗಿಯುವಾಗ ಹೇನು ಬರಬಹುದು. ಅಂಚಿನ ಸಾಲುಗಳಲ್ಲಿ ಮೊದಲು ಕಾಣುತ್ತದೆ, ಅಲ್ಲಿಯೇ ಹತೋಟಿ ಮಾಡಬೇಕು. ಭಂಡಾರ ರೋಗ ಕಂಡರೆ ಕೇಂದ್ರದವರಿಗೆ ಎಲೆ ತೋರಿಸಿ ಮುಂದುವರಿಯಿರಿ. ಕರಿ ಹುಡಿಯಾದ ತೆನೆ ಕಂಡಲ್ಲಿ ಅದಕ್ಕೆ ಕಾಗದದ ಚೀಲ ತೊಡಿಸಿ ಕಿತ್ತು ಸುಡತಕ್ಕದ್ದು. ಬರಿಗೈಯಿಂದ ಕಿತ್ತು ಹೊಲದ ತುಂಬ ಒಯ್ದರೆ ಹುಡಿ ಉದುರಿ ಮುಂದಿನ ವರ್ಷದ ಬೀಜಕ್ಕೂ ರೋಗ ಬಿತ್ತಿದಂತಾಗುತ್ತದೆ.

ತೆನೆ ಬಂಗಾರದ ಬಣ್ಣಕ್ಕೆ ತಿರುಗಿ ಬಾಗಿದೊಡನೆ ಕೊಯ್ಯಬೇಕು. ತಡವಾದರೆ ತೆನೆಯೇ ಮುರಿದು ಬೀಳುತ್ತದೆ.

ಮಾರುವುದೆಲ್ಲಿ?

ಇಲ್ಲಿ ಮುಚ್ಚುಮರೆ ಸಲ್ಲದು. ಕೇಂದ್ರ ಸರ್ಕಾರವು ಬಾರ್ಲಿಗೂ ಬೆಂಬಲ ಬೆಲೆ ಸಾರುತ್ತದೆ. 2025-26ರ ಹಿಂಗಾರಿ ಮಾರಾಟ ಹಂಗಾಮಿಗೆ ಅದು ಕ್ವಿಂಟಾಲಿಗೆ 1,980 ರೂಪಾಯಿ, ಗೋಧಿಗೆ 2,425 ರೂಪಾಯಿ ಇತ್ತು. ಆದರೆ ಬಾರ್ಲಿಯನ್ನು ಹೆಚ್ಚಾಗಿ ಬೆಳೆಯುವುದೂ ಕೊಳ್ಳುವುದೂ ರಾಜಸ್ಥಾನ, ಉತ್ತರ ಪ್ರದೇಶ, ಹರಿಯಾಣಗಳ ಕಡೆ. ನಮ್ಮ ಮಾರುಕಟ್ಟೆಯ ಅಂಗಳಕ್ಕೆ ಹತ್ತು ಚೀಲ ಬಾರ್ಲಿ ಒಯ್ದರೆ ದಲಾಲರು ಅದನ್ನು ಕೈಯಲ್ಲಿ ಹಿಡಿದು ನೋಡಿ ಪಕ್ಕಕ್ಕಿಟ್ಟಾರು. ಬಿಯರ್ ಕಾರ್ಖಾನೆಗಳಿಗೆ ಬೇಕಾಗುವ ಮಾಲ್ಟಿಗೆ ಒಂದೇ ಗಾತ್ರದ, ಒಂದೇ ತಳಿಯ ದಪ್ಪ ಕಾಳು ಬೇಕು. ಸವಳಿನ ಕಾಳು ಆ ಪರೀಕ್ಷೆಗೆ ನಿಲ್ಲುವುದು ಕಷ್ಟ. ಯಾರಾದರೂ ಬಂದು “ನೀವು ಬೆಳೆಯಿರಿ, ನಾವು ಕೊಳ್ಳುತ್ತೇವೆ” ಎಂದು ಬೀಜದ ಹಣ ಮೊದಲೇ ಕೇಳಿದರೆ ಬರೆದು ಕೊಟ್ಟ ಕರಾರು ಇಲ್ಲದೆ ಒಪ್ಪಬಾರದು.

ಹೀಗಾಗಿ ಮೊದಲ ವರ್ಷ ಐದರಿಂದ ಹತ್ತು ಗುಂಟೆ ಸಾಕು, ಅದೂ ಕಬ್ಬು ಈಗಾಗಲೇ ಕೈಕೊಟ್ಟ ಜಾಗದಲ್ಲಿ. ಒಳ್ಳೆಯ ನೆಲದಲ್ಲಿ ಕಡಲೆಯನ್ನೋ ಜೋಳವನ್ನೋ ಬಿಟ್ಟು ಬಾರ್ಲಿ ಹಾಕುವುದರಲ್ಲಿ ಅರ್ಥವಿಲ್ಲ. ಕಡಲೆ ಉಪ್ಪಿಗೆ ಬಹಳ ಅಳುಕುವ ಬೆಳೆ. ಅದಕ್ಕೆ ಸಲ್ಲದ ನೆಲವೇ ಬಾರ್ಲಿಯ ನೆಲ. ಬೆಳೆದದ್ದು ನಿಮ್ಮ ಹಟ್ಟಿಗೂ ಅಡಿಗೆ ಮನೆಗೂ ಆಗಬೇಕು.

ಹಟ್ಟಿಯಲ್ಲಿ, ಅಡಿಗೆ ಮನೆಯಲ್ಲಿ

ಎರಡು ಎಮ್ಮೆ ಕಟ್ಟಿದ ಮನೆಗೆ ಇದರ ಮೊದಲ ಉಪಯೋಗ ಹಸಿರು ಮೇವು. ಕಬ್ಬಿನ ಹಂಗಾಮಿನಲ್ಲಿ ವಾಡೆ ಸಿಗುತ್ತದೆ ನಿಜ, ಆದರೆ ವಾಡೆಯನ್ನೇ ತಿಂದ ದನಕ್ಕೆ ಎಳೆಯ ಬಾರ್ಲಿ ಬೆರೆಸಿಕೊಟ್ಟರೆ ಮೇವಿನ ಗುಣ ಏರುತ್ತದೆ. ಬಿತ್ತಿ 50-55 ದಿನಗಳಿಗೆ ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದು, ಕೂಡಲೆ ನೀರು ಕೊಟ್ಟು, ಉಳಿಸಿಟ್ಟ ಯೂರಿಯಾದ ಒಂದು ಪಾಲು ಹಾಕಿದರೆ ಮತ್ತೆ ಚಿಗುರಿ ತೆನೆ ಬಿಡುತ್ತದೆ. ಉತ್ತರದಲ್ಲಿ ಇದು ರೂಢಿಯ ಪದ್ಧತಿ. ನಮ್ಮಲ್ಲಿ ಹಾಗೆ ಕೊಯ್ದ ಬೆಳೆಯ ತೆನೆ ತಡವಾಗಿ ಮಾರ್ಚಿಯ ಬಿಸಿಲಿಗೆ ಸಿಕ್ಕುತ್ತದೆ. ಆದ್ದರಿಂದ ಅರ್ಧ ತಾಕನ್ನು ಮೇವಿಗೆ, ಅರ್ಧವನ್ನು ಕಾಳಿಗೆ ಎಂದು ಮೊದಲೇ ಬೇರೆ ಮಾಡುವುದು ಮೇಲು. ಬೀಜಕ್ಕೆ ಇಡುವುದು ಕೊಯ್ಯದ ಅರ್ಧದಿಂದ.

ಕಾಳನ್ನು ದನಕ್ಕೆ ಇಡಿಯಾಗಿ ಕೊಟ್ಟರೆ ಸಗಣಿಯಲ್ಲಿ ಹಾಗೆಯೇ ಹೊರಬೀಳುತ್ತದೆ. ನುಚ್ಚು ಒಡೆಸಿ, ಹಿಂಡಿಯೊಂದಿಗೆ ಗೋವಿನಜೋಳದ ಬದಲಿಗೆ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಕೊಡಬೇಕು. ಒಮ್ಮೆಲೆ ಬುಟ್ಟಿಗಟ್ಟಲೆ ಹಾಕಿದರೆ ಹೊಟ್ಟೆ ಹುಳಿಯಾಗಿ ದನ ಮಲಗುತ್ತದೆ.

ಅಡಿಗೆಗೆ ಮೊದಲು ಹೊಟ್ಟು ಬಿಡಿಸಬೇಕು. ಕಾಳಿಗೆ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಬಿಟ್ಟು ಒರಳಿನಲ್ಲಿ ಒನಕೆಯಿಂದ ಕುಟ್ಟಿ ಕೇರಿದರೆ ಹೊಟ್ಟು ಹಾರುತ್ತದೆ. ಎರಡು ಮೂರು ಸಲ ಮಾಡಬೇಕಾದೀತು. ಹೀಗೆ ಬಂದ ಕಾಳಿನ ನುಚ್ಚು ಕುದಿಸಿ ಮಜ್ಜಿಗೆ ಬೆರೆಸಿದರೆ ಬೇಸಿಗೆಗೆ ತಕ್ಕ ಅಂಬಲಿ. ಹುರಿದು ಬೀಸಿದ ಹಿಟ್ಟನ್ನು ಬಿಹಾರ, ಉತ್ತರ ಪ್ರದೇಶಗಳಲ್ಲಿ ಸತ್ತು ಎಂದು ಬೆಲ್ಲದೊಂದಿಗೆ ನೀರಿನಲ್ಲಿ ಕಲಸಿ ಉಣ್ಣುತ್ತಾರೆ. ಬಾರ್ಲಿಯ ಹಿಟ್ಟು ಜಿಗುಟು ಹಿಡಿಯುವುದು ಕಡಿಮೆ. ಬರಿಯ ಬಾರ್ಲಿಯ ಚಪಾತಿ ಒಡೆಯುತ್ತದೆ. ಗೋಧಿಯ ಮೂರು ಪಾಲಿಗೆ ಇದರ ಒಂದು ಪಾಲು ಕೂಡಿಸಿದರೆ ಚಪಾತಿ ಸರಿಯಾಗುತ್ತದೆ.

ಕಾಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿದರೆ ಅದೇ ಮಾಲ್ಟ್. ಮೊಳಕೆಯಲ್ಲಿ ಹುಟ್ಟುವ ಒಂದು ಪಾಚಕ ವಸ್ತು ಹಿಟ್ಟಿನ ಪಿಷ್ಟವನ್ನು ಸಿಹಿಯಾಗಿಯೂ ತೆಳ್ಳಗಾಗಿಯೂ ಮಾಡುತ್ತದೆ. ಹುರಿಯುವಾಗ ಕಾವು ಹೆಚ್ಚಾದರೆ ಆ ವಸ್ತು ಸಾಯುತ್ತದೆ, ಆದ್ದರಿಂದ ಸಣ್ಣ ಉರಿ ಸಾಕು. ಆರು ತಿಂಗಳು ದಾಟಿದ ಕೂಸಿಗೆ ಮಾಡಿದ ಗಟ್ಟಿ ಗಂಜಿ ಇನ್ನೂ ಬಿಸಿ ಇರುವಾಗಲೇ ಇದರ ಒಂದು ಚಮಚ ಬೆರೆಸಿ ಮತ್ತೊಮ್ಮೆ ಕುದಿ ಬರಿಸಿದರೆ ನೀರು ಹೆಚ್ಚಿಸದೆ ಗಂಜಿ ತೆಳ್ಳಗಾಗುತ್ತದೆ. ಕೂಸು ಹೆಚ್ಚು ಉಣ್ಣುತ್ತದೆ. ಇಂಥ ಹಿಟ್ಟಿಗೆ ಪೇಟೆಯಲ್ಲಿ ಡಬ್ಬಿಯ ಬೆಲೆ ಕೊಡುವುದನ್ನು ಎಲ್ಲರೂ ಬಲ್ಲರು.

ಬಾರ್ಲಿಯ ನಾರಿನಲ್ಲಿ ಬೀಟಾ-ಗ್ಲುಕಾನ್ ಎಂಬ ಅಂಶವಿದ್ದು ರಕ್ತದ ಕೊಬ್ಬನ್ನು ಇಳಿಸಲು ನೆರವಾಗುತ್ತದೆ. ಊಟದ ನಂತರ ಸಕ್ಕರೆ ಒಮ್ಮೆಲೆ ಏರದಂತೆಯೂ ತಡೆಯುತ್ತದೆ. ಹಾಗೆಂದು ಸಕ್ಕರೆ ಕಾಯಿಲೆಯವರು ಗುಳಿಗೆ ಬಿಟ್ಟು ಬಾರ್ಲಿ ಹಿಡಿಯಕೂಡದು. ಗೋಧಿ ಒಗ್ಗದೆಂದು ವೈದ್ಯರು ಗ್ಲುಟೆನ್ ಬಿಡಿಸಿದವರಿಗೆ ಬಾರ್ಲಿಯೂ ವರ್ಜ್ಯ.

ಇನ್ನು ಹೊಟ್ಟು. ಬಾರ್ಲಿಯ ಕಾಂಡದ ಹೊಟ್ಟು ಮೆತ್ತಗಿದ್ದು ದನ ಇಷ್ಟಪಟ್ಟು ತಿನ್ನುತ್ತವೆ. ಆದರೆ ತೆನೆಯ ಮೀಸೆಗೆ ಗರಗಸದಂಥ ಹಲ್ಲುಗಳಿವೆ. ಅದು ಕರುಗಳ ಬಾಯಿ, ಒಸಡಿಗೆ ಚುಚ್ಚಿ ಹುಣ್ಣಾಗುತ್ತದೆ. ರಾಶಿ ಮಾಡುವಾಗ ಮೀಸೆ ಮತ್ತು ತೆನೆಯ ಹೊಟ್ಟನ್ನು ಬೇರೆಯಾಗಿ ತೂರಿ ಗೊಬ್ಬರದ ಗುಂಡಿಗೆ ಹಾಕಿ, ಕಾಂಡದ ಹೊಟ್ಟನ್ನಷ್ಟೇ ಬಣಿವೆಗೆ ಒಟ್ಟಬೇಕು. ಮುಂದಿನ ವರ್ಷದ ಬೀಜಕ್ಕೆಂದು ಹನ್ನೆರಡೂವರೆ ಕಿಲೊ, ಅಂದರೆ ಹತ್ತು ಗುಂಟೆಯದಷ್ಟು ಕಾಳನ್ನು, ಹಲ್ಲಿಗೆ ಕಟಕ್ಕೆಂದು ಒಡೆಯುವ ತನಕ ಒಣಗಿಸಿ, ಬೇವಿನ ಎಲೆಯೊಂದಿಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು, ಮೇಲೆ ‘ಬಾರ್ಲಿ’ ಎಂದೇ ಬರೆದಿಡಿರಿ. ‘ಜವೆ’ ಎಂದು ಬರೆದರೆ ಮನೆಯವರು ಹುಗ್ಗಿಗೆ ಹಾಕಿಯಾರು.